ಏಳನೇ ಸಂಪುಟದ ಬೆನ್ನು

ಗ್ಯಾಸಿನ ಪುಸ್ತಕ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಗ್ಯಾಸಿನ ಪುಸ್ತಕ ಬೇಕೆಂದಾಗ ಸಿಕ್ಕಿದ್ದು ನನಗೆ ನೆನಪಿಲ್ಲ. ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕೆಲಸ ಮಾಡಿ, ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಹೆಂಗಸಿನ ಮನೆಯ ಸ್ಥಿತಿ ಇದು. ನಮ್ಮ ಯಜಮಾನರು ಬಂದವರಿಗೆಲ್ಲ ಇದನ್ನು ಹೇಳಿ ನಗುತ್ತಾರೆ. ಮೊನ್ನೆಯೂ ಸಿಗಲಿಲ್ಲ. ಮೇಜಿನ ಕೆಳಗಿನ ಖಾನೆಯಲ್ಲಿ ಹಳೆಯ ರೇಷನ್ ಕಾರ್ಡು, ಬರೆಯದ ಪೆನ್ನುಗಳು, ಯಾರದೋ ಮದುವೆಯ ಲಗ್ನಪತ್ರಿಕೆ ಇವುಗಳ ಅಡಿಯಲ್ಲಿ ಒಂದು ಕೆಂಪು ಕ್ಯಾಲಿಕೋ ಬಟ್ಟೆಯ ಪಟ್ಟಿ ಕೈಗೆ ಬಂತು. ಗೇಣಿಗಿಂತ ಸ್ವಲ್ಪ ಉದ್ದ, ಮೂರು ಬೆರಳು ಅಗಲ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ‘೭’ ಎಂಬ ಅಂಕಿ, ಅದರ ಕೆಳಗೆ ಬಿಳಿ ಶಾಯಿಯಲ್ಲಿ ನನ್ನದೇ ಕೈಬರಹದ ಒಂದು ನಂಬರು.

"ಏನದು?" ಎಂದರು ಯಜಮಾನರು.

"ಬೆನ್ನು" ಎಂದೆ.

ಪುಸ್ತಕದ ಬೆನ್ನು. ಪುಸ್ತಕವನ್ನು ಬೀರುವಿನಲ್ಲಿ ನಿಲ್ಲಿಸಿದಾಗ ನಮ್ಮ ಕಡೆ ಕಾಣುವುದು ಅದರ ಮುಖವಲ್ಲ, ಬೆನ್ನು. ಗ್ರಂಥಾಲಯದವರ ಸಂಸಾರವೆಲ್ಲ ಈ ಬೆನ್ನಿನ ಜೊತೆಗೆ. ಯಜಮಾನರು ಹಾಲಿಗೆ ಹೋಗಿ ಪೇಪರು ಹಿಡಿದು ಕೂತರು. ನಾನು ಖಾನೆಯ ಮುಂದೆ ನೆಲದ ಮೇಲೆಯೇ ಕೂತುಬಿಟ್ಟೆ. ಏಳಲಿಕ್ಕೆ ಮಂಡಿಯೂ ಒಪ್ಪಲಿಲ್ಲ, ಮನಸ್ಸೂ ಒಪ್ಪಲಿಲ್ಲ.

ಮುಚ್ಚಿದ ಪುಸ್ತಕಕ್ಕೆ ಮರ್ಯಾದೆ ಕೊಡುವುದನ್ನು ನಾನು ಕಲಿತದ್ದು ಹೊಳೆನರಸೀಪುರದ ದೇವಸ್ಥಾನದ ಬೀದಿಯ ನಮ್ಮ ಮನೆಯಲ್ಲಿ. ನವರಾತ್ರಿಯಲ್ಲಿ ಸರಸ್ವತಿ ಪೂಜೆ ಬಂತೆಂದರೆ ಅಜ್ಜಿ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ, ನನ್ನ ಲೆಕ್ಕದ ಪುಸ್ತಕದಿಂದ ಹಿಡಿದು ತಾತನ ಪಂಚಾಂಗದವರೆಗೆ, ಮಣೆಯ ಮೇಲೆ ಪೇರಿಸಿ ಹಳೆಯ ರೇಷ್ಮೆ ವಸ್ತ್ರ ಹೊದೆಸುತ್ತಿದ್ದರು. ವಿಜಯದಶಮಿಯ ತನಕ ಯಾರೂ ಓದುವ ಹಾಗಿಲ್ಲ. ವರ್ಷವಿಡೀ ಓದು ಓದು ಎಂದು ಪ್ರಾಣ ತಿನ್ನುತ್ತಿದ್ದವರು ಆ ಮೂರು ದಿನ ಓದಬೇಡ ಎನ್ನುತ್ತಿದ್ದರು. ನನಗೆ ಓದಬೇಕು ಎನಿಸುತ್ತಿದ್ದದ್ದೂ ಆ ಮೂರು ದಿನವೇ. ಒಂದು ಸಲ ವಸ್ತ್ರದ ಅಂಚು ಎತ್ತಿ, ಅರ್ಧ ಓದಿ ಬಿಟ್ಟಿದ್ದ ಕತೆಪುಸ್ತಕವನ್ನು ಎಳೆಯಲು ಹೋಗಿ ಸಿಕ್ಕಿಬಿದ್ದೆ. ಅಜ್ಜಿ ಬೈಯಲಿಲ್ಲ. "ಮುಚ್ಚಿಟ್ಟಿದ್ದು ಮುಚ್ಚೇ ಇರ್ಲಿ ಕಣೇ. ಹಂಗೇ ಕೈ ಮುಗಿ, ಸಾಕು" ಎಂದರು. ಅದನ್ನು ಇಷ್ಟು ಚೆನ್ನಾಗಿ ಕಲಿಯುತ್ತೇನೆಂದು ಪಾಪ ಅವರಿಗೇ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಹಾಸನದಲ್ಲಿ ನನಗೆ ಗ್ರಂಥಾಲಯ ಸಹಾಯಕಿಯ ಕೆಲಸ ಸಿಕ್ಕಿತು. ವಿಶ್ವವಿದ್ಯಾಲಯದವರ ಗ್ರಂಥಾಲಯ. ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಗುರುತು ಹಿಡಿಯುವವರು ಇನ್ನೂ ಪೆನ್ಷನ್ ತೆಗೆದುಕೊಳ್ಳುತ್ತಿದ್ದಾರೆ, ಅವರಲ್ಲಿ ನಾನೂ ಒಬ್ಬಳು. ಊರಿನ ಅಂಚಿನಲ್ಲಿ, ಒಂದು ಕಾಲಕ್ಕೆ ಕೆರೆಯಂಗಳವಾಗಿದ್ದ ಜಾಗದಲ್ಲಿತ್ತು ಆ ಕಟ್ಟಡ. ಅದರ ಚರಿತ್ರೆಯನ್ನು ಯಾರೂ ಬರೆದಿಲ್ಲ. ನನಗೆ ಹೇಳಿದವನು ಅಟೆಂಡರ್ ರಂಗಸ್ವಾಮಿ. ಅರಕಲಗೂಡಿನ ಕಡೆಯವನು, ನನ್ನ ವಾರಿಗೆಯವನೇ. ಕಟ್ಟಡ ಏಳುವಾಗ ಕೂಲಿಗೆಂದು ಬಂದು, ಎದ್ದ ಮೇಲೆ ಅಲ್ಲೇ ಅಟೆಂಡರಾಗಿ ಉಳಿದುಕೊಂಡವನು.

"ಈ ಬಿಲ್ಡಿಂಗ್‌ಗೆ ಮಣ್ಣು ಒತ್ತೋನು ನಾನು ಕಣ್ ಮೇಡಂ" ಎಂದು ಮೊದಲ ದಿನವೇ ಹೇಳಿದ್ದ. "ಇದ್ರ ಒಟ್ಟೇಲಿ ಏನೈತೆ ಅಂತ ನಂಗೆ ಗೊತ್ತಿರೋವಷ್ಟು ಎಂಜಿನಿಯರ್ ಸಾಹೇಬ್ರಿಗೂ ಗೊತ್ತಿಲ್ಲ."

ಅವನ ಪ್ರಕಾರ ನಮ್ಮ ಗ್ರಂಥಾಲಯದ ನಕ್ಷೆ ನಮ್ಮದೇ ಅಲ್ಲ. ಬೇರೆ ಯಾವುದೋ ಊರಿಗೆಂದು ಬರೆಸಿದ್ದ ನಕ್ಷೆ, ಅಲ್ಲಿ ಕಟ್ಟದೆ ಉಳಿದುಹೋಗಿತ್ತಂತೆ. ಸುಮ್ಮನೆ ಹಾಳಾಗುವುದೇಕೆಂದು ಹಾಸನಕ್ಕೆ ಕಳಿಸಿದರು. ಆ ಊರಿನಲ್ಲಿ ರಸ್ತೆ ಇದ್ದದ್ದು ಉತ್ತರಕ್ಕೆ. ಹಾಗಾಗಿ ನಕ್ಷೆ ಬರೆದ ಪುಣ್ಯಾತ್ಮ, ಓದುವವರಿಗೆ ದಿನವಿಡೀ ತಂಪು ಬೆಳಕು ಸಿಗಲಿ ಎಂದು ಮುಂಭಾಗದ ತುಂಬ ಎರಡಾಳೆತ್ತರದ ಕಿಟಕಿಗಳನ್ನು ಇಟ್ಟಿದ್ದ. ನಮ್ಮಲ್ಲಿ ರಸ್ತೆ ಇರುವುದು ಪಶ್ಚಿಮಕ್ಕೆ. ಬಾಗಿಲು ರಸ್ತೆಯ ಕಡೆಗೇ ಇರಬೇಕಲ್ಲ, ನಕ್ಷೆಯನ್ನು ತಿರುಗಿಸಿಕೊಂಡು ಕಟ್ಟಿದರು. ಕಿಟಕಿಗಳೂ ಜೊತೆಗೇ ತಿರುಗಿದವು.

ಮಧ್ಯಾಹ್ನ ಎರಡು ಗಂಟೆಗೆ ಸೂರ್ಯ ಒಳಗೆ ಬರುತ್ತಿದ್ದ. ನಾಲ್ಕರ ಹೊತ್ತಿಗೆ ಅರ್ಧ ಹಾಲು ಅವನದೇ. ಓದುವವರು ಕುರ್ಚಿಗಳನ್ನು ಎತ್ತಿಕೊಂಡು ನೆರಳಿನ ಹಿಂದೆ ಹಿಂದೆ ಪೂರ್ವದ ಗೋಡೆಗೆ ಸರಿಯುತ್ತಿದ್ದರು. ನಮ್ಮಲ್ಲಿ ಮೇಜುಗಳಿಗೆ ನಂಬರ್ ಇರಲಿಲ್ಲ, ಬಿಸಿಲು ತಲುಪುವ ಗಂಟೆ ಇತ್ತು. ಎರಡು ಗಂಟೆ ಮೇಜು, ಮೂರು ಗಂಟೆ ಮೇಜು, ನಾಲ್ಕು ಗಂಟೆ ಮೇಜು. ನಾಲ್ಕು ಗಂಟೆ ಮೇಜಿನಲ್ಲಿ ಪರೀಕ್ಷೆಯ ಕಾಲಕ್ಕೆ ಹುಡುಗ ಹುಡುಗಿಯರು ಒಬ್ಬರ ಮೊಣಕೈ ಒಬ್ಬರಿಗೆ ತಾಗುವಂತೆ ಕೂರುತ್ತಿದ್ದರು. ಎಷ್ಟೋ ಮದುವೆಗಳು ಅಲ್ಲಿ ಕುದುರಿದವೆಂದು ರಂಗಸ್ವಾಮಿ ಹೇಳುತ್ತಿದ್ದ. ಕಿಟಕಿಯ ಪಕ್ಕದ ಬೀರುಗಳಲ್ಲಿದ್ದ ಪುಸ್ತಕಗಳ ಗತಿ ಬೇರೆ. ಹಸಿರು ರಟ್ಟಿನವು ಬೂದುಬಣ್ಣಕ್ಕೆ ತಿರುಗಿದವು, ಕೆಂಪಿನವು ತೊಳೆದ ಇಟ್ಟಿಗೆಯ ಬಣ್ಣಕ್ಕೆ ಬಂದವು, ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಇದು ಸಾಲದೆಂದು, ಹಾಸನವೆಂದ ಮೇಲೆ ಹೊಯ್ಸಳರ ಗುರುತಿಲ್ಲದಿದ್ದರೆ ಹೇಗೆ ಎಂದು ಕಟ್ಟಡ ಸಮಿತಿಯಲ್ಲಿ ಯಾರಿಗೋ ಅನಿಸಿತಂತೆ. ಬೇಲೂರಿನ ಗುಡಿ ನಿಂತಿದೆಯಲ್ಲ, ನಕ್ಷತ್ರದಂತೆ ಮೂಲೆ ಮೂಲೆಯಾದ ಕಟ್ಟೆ, ಅಂಥದೊಂದನ್ನು ನಮ್ಮ ಕಟ್ಟಡಕ್ಕೂ ಸುತ್ತ ಕಟ್ಟಿಸಿದರು. ಅದರ ಮೇಲೆ ಸಾಲಾಗಿ ಸಿಮೆಂಟಿನ ಆನೆಗಳು. ನಾನು ಸೇರುವ ಹೊತ್ತಿಗೆ ಒಂದಕ್ಕೂ ಸೊಂಡಿಲಿರಲಿಲ್ಲ. ಒಳಗಿನ ಕಟ್ಟಡ ಚೌಕ, ಹೊರಗಿನ ಕಟ್ಟೆ ನಕ್ಷತ್ರ. ಎರಡರ ನಡುವೆ ಉಳಿದ ಸಂದಿಗೆ ಕೆರೆಯ ಗೋಡು ಮಣ್ಣು ತುಂಬಿ, ಸೆಂಟ್ರಿಂಗಿನ ಹಲಗೆ ಚೂರುಗಳನ್ನೂ ಅದರೊಳಗೇ ಹಾಕಿ ಮುಚ್ಚಿದರು. ತುಂಬಿದವರಲ್ಲಿ ರಂಗಸ್ವಾಮಿಯೂ ಒಬ್ಬ. ಅದನ್ನು ಅವನು ತಮಾಷೆಯಾಗಿ ಹೇಳುತ್ತಿದ್ದ, ನಾನು ತಮಾಷೆಯಾಗಿ ಕೇಳುತ್ತಿದ್ದೆ.

ನಾನು ಸೇರಿದ ಮಾರನೆಯ ವರ್ಷವೋ ಏನೋ, ಒಂದು ಬೆಳಿಗ್ಗೆ ಹಳೇಕೋಟೆಯ ಗಂಗಾಧರಪ್ಪ ಮೇಷ್ಟ್ರು ಬಂದರು. ಕಚ್ಚೆ ಪಂಚೆ, ತೋಳು ಮಡಿಸದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಪ್ರೈಮರಿ ಶಾಲೆಯ ಮೇಷ್ಟ್ರಾಗಿ ರಿಟೈರಾದವರು. ಎರಡು ಬಸ್ಸು ಬದಲಾಯಿಸಿ, ಒಂದು ತಗಡಿನ ಟ್ರಂಕನ್ನು ಕಂಡಕ್ಟರುಗಳ ಬೈಗುಳದ ಸಮೇತ ಹೊತ್ತು ತಂದಿದ್ದರು. ಟ್ರಂಕಿನೊಳಗೆ ಹಾಸಿದ ಟವೆಲ್ಲಿನ ಮೇಲೆ ಕೆಂಪು ಕ್ಯಾಲಿಕೋ ಬೈಂಡಿನ ಒಂಬತ್ತು ಪುಸ್ತಕಗಳು.

ಮೇಷ್ಟ್ರು ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಮೂರು ತಾಲ್ಲೂಕುಗಳಲ್ಲೂ ಪಾಠ ಹೇಳಿದವರು. ಯಾವ ಊರಿಗೆ ವರ್ಗವಾದರೂ ಶನಿವಾರ ಮಕ್ಕಳಿಗೆ ಅವರು ಕೊಡುತ್ತಿದ್ದ ಹೋಂವರ್ಕು ಒಂದೇ. ಮನೆಯಿಂದ ಒಂದು ಮಾತು ತರಬೇಕು. ಪುಸ್ತಕದಲ್ಲಿ ಇಲ್ಲದ ಮಾತು. ಅವ್ವ ಆಡುವುದು, ಅಜ್ಜ ಗದ್ದೆಯಲ್ಲಿ ಎತ್ತಿಗೆ ಹೇಳುವುದು, ಅಡಿಗೆ ಮನೆಯಲ್ಲಿ, ಹಟ್ಟಿಯಲ್ಲಿ ಕೇಳಿದ್ದು. ಸೋಮವಾರ ಒಬ್ಬೊಬ್ಬರೂ ಎದ್ದು ನಿಂತು ತಂದ ಮಾತು ಹೇಳುವುದು, ಮೇಷ್ಟ್ರು ಬರೆದುಕೊಳ್ಳುವುದು. ಮಾತು, ಅದರ ಅರ್ಥ, ಅದನ್ನು ಯಾವಾಗ ಆಡುತ್ತಾರೆ ಎಂಬುದು, ಎಲ್ಲದರ ಕೆಳಗೆ ತಂದುಕೊಟ್ಟ ಮಗುವಿನ ಹೆಸರು, ಕ್ಲಾಸು, ಊರು. ಸರ್ವೀಸು ಮುಗಿಯುವ ಹೊತ್ತಿಗೆ ಒಂಬತ್ತು ದಪ್ಪ ಸಂಪುಟ. ಚನ್ನರಾಯಪಟ್ಟಣದ ಒಬ್ಬ ಬೈಂಡರ್ ಹತ್ತಿರ ಕಟ್ಟಿಸಿದ್ದರು. ಇನ್ನೊಂದು ಪ್ರತಿ ಇರಲಿಲ್ಲ.

ಮೇಜಿನ ಮೇಲೆ ಒಂದನ್ನು ಬಿಡಿಸಿ ತೋರಿಸಿದರು. ಬಿಸಿಲಿನ ಪುಟ ಬಂತು. ಎಳೆಬಿಸಿಲು, ಹೂಬಿಸಿಲು, ಇಳಿಬಿಸಿಲು. ಇಷ್ಟು ನನಗೂ ಗೊತ್ತಿದ್ದವು. ಅದರ ಕೆಳಗೆ ಇನ್ನೂ ಹತ್ತು ಹದಿನೈದು ಇದ್ದವು, ನಾನು ಕೇಳದವು. ನೋಡುತ್ತಿದ್ದ ಹಾಗೆ ಸಾಹೇಬರು, ಅಂದರೆ ನಮ್ಮ ಲೈಬ್ರರಿಯನ್, ಒಳಗಿನಿಂದ ಕರೆದರು. ಬಿಡುವಾದಾಗ ಓದೋಣವೆಂದು ಎದ್ದು ಹೋದೆ. ಆ ಹದಿನೈದರಲ್ಲಿ ಒಂದಾದರೂ ನೆನಪಿದೆಯೇ ಎಂದು ಈಗಲೂ ಕೆಲವು ಸಲ ಕೂತು ತಡಕುತ್ತೇನೆ. ಇಲ್ಲ.

"ಮನೇಲಿ ಮಡಗಂಗಿಲ್ಲ ಕಣಮ್ಮ" ಎಂದರು ಮೇಷ್ಟ್ರು. "ಎಂಚು ಸೋರ್ತದೆ. ಇಲಿ ಬೇರೆ. ಮೊಮ್ಮಕ್ಳು ಹಾಳೆ ಕಿತ್ತು ದೋಣಿ ಮಾಡಕ್ ನೋಡ್ತವೆ. ಇದು ನೋಡು, ಕಲ್ಲಿನ ಪಾಯ, ಎಂಥಾ ಕಟ್ಟಡ. ನಾನಿಲ್ದಿದ್ರೂ ಇಲ್ಲಿ ಇರ್ತವೆ."

"ನಾನು ನೋಡ್ಕೋತೀನಿ ಮೇಷ್ಟ್ರೇ" ಎಂದೆ.

ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ದಾನವಾಗಿ ಬಂದ ಪುಸ್ತಕಕ್ಕೆ ಒಂದು ರಸೀದಿ ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಅವರು ಟವೆಲ್ಲಿನಿಂದ ಒಂದೊಂದೇ ಪುಸ್ತಕ ಒರೆಸಿ ಕೊಡುತ್ತಿದ್ದ ರೀತಿಗೆ ಬಾಯಿಂದ ಬಂದುಬಿಟ್ಟಿತು.

ನೋಡಿಕೊಂಡೆ. ಅದೇ ತಾನೇ ಈಗ ನೋವು. ಮೇಲಿನ ಹಾಲಿನಲ್ಲಿಟ್ಟರೆ ಬಿಸಿಲಿಗೆ ಸುಟ್ಟುಹೋಗುತ್ತವೆಂದು ನಾನೇ ಯೋಚಿಸಿ, ನಾನೇ ಹಟ ಹಿಡಿದು, ನೆಲಮಾಳಿಗೆಯಲ್ಲಿ ಜಾಗ ಮಾಡಿಸಿದೆ. ಕಲ್ಲಿನ ಗೋಡೆ, ಬೇಸಿಗೆಯಲ್ಲೂ ತಣ್ಣಗೆ. ಗಾಜಿನ ಬಾಗಿಲಿನ ಒಂದು ಮರದ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಒಂಬತ್ತನ್ನೂ ಹಿಂದಿನ ಹಲಗೆಗೆ ತಾಗುವಂತೆ ನೇರವಾಗಿ ಜೋಡಿಸಿ, ಮುಂದೆ ನುಸಿಗುಳಿಗೆ ಹಾಕಿ, ಬೀಗ ಜಡಿದೆ. ಬೀಗದ ಕೈ ನನ್ನ ಡ್ರಾಯರಿನಲ್ಲಿ. ಯಾರಿಗೂ ಹೊರಗೆ ಕೊಡುವಂತಿಲ್ಲವೆಂದು ಚೀಟಿ ಬರೆದು ಅಂಟಿಸಿದೆ. ಅಷ್ಟು ಜೋಪಾನ ನಾನು ನನ್ನ ಮದುವೆಯ ಸೀರೆಗೂ ಮಾಡಿರಲಿಲ್ಲ.

ರಂಗಸ್ವಾಮಿ ಮೇಷ್ಟ್ರ ಶಿಷ್ಯ ಎಂದು ತಿಳಿದದ್ದು ಆಮೇಲೆ. ಅರಕಲಗೂಡಿನ ಕಡೆ ಅವರು ಇದ್ದಾಗ ನಾಲ್ಕನೇ ಕ್ಲಾಸಿನಲ್ಲಿದ್ದನಂತೆ.

"ಅದ್ರಲ್ಲಿ ನಂದೂ ಒಂದ್ ಮಾತೈತೆ ಮೇಡಂ" ಎಂದ ಒಂದು ದಿನ, ಬೀರುವಿನ ಗಾಜು ಒರೆಸುತ್ತ. "ನಮ್ಮವ್ವ ಏಳ್ಕೊಟ್ಟಿದ್ಲು. ಎಲ್ರೂ ನಕ್ಬುಟ್ರು, ಮೇಷ್ಟ್ರು ಮಾತ್ರ ಬರ್ಕಂಡ್ರು. ಏನು ಅಂತ ಈಗ ಮರ್ತೋಗದೆ. ನಮ್ಮವ್ವನೂ ತೀರ್ಕಂಡ್ಲು. ವಸಿ ತೆಗೀರಿ, ನೋಡಾವ."

"ಸ್ಟಾಕ್ ಆಗ್ಲಿ, ಆಮೇಲೆ ನೋಡೋಣ" ಎಂದೆ.

ಸ್ಟಾಕ್ ಎಂದರೆ ಹೇಳಬೇಕು. ಪ್ರತಿ ಬೇಸಿಗೆ ರಜೆಯಲ್ಲಿ ಗ್ರಂಥಾಲಯದ ಪುಸ್ತಕಗಳೆಲ್ಲ ಇವೆಯೋ ಇಲ್ಲವೋ ಎಂದು ತಾಳೆ ನೋಡುವ ಕೆಲಸ. ಒಬ್ಬರು ದಪ್ಪ ರಿಜಿಸ್ಟರು ಹಿಡಿದು ಸ್ಟೂಲಿನ ಮೇಲೆ ಕೂತು ನಂಬರು ಕೂಗಬೇಕು. ಇನ್ನೊಬ್ಬರು ಬೀರುವಿನ ಮುಂದೆ ನಿಂತು ಬೆನ್ನಿನ ಮೇಲಿನ ನಂಬರು ನೋಡಿ "ಇದೆ" ಎನ್ನಬೇಕು. ಇದೆ ಎಂದರೆ ರಿಜಿಸ್ಟರಿನಲ್ಲಿ ಒಂದು ಟಿಕ್. ನಮ್ಮಲ್ಲಿ ಕೂಗುವವನು ರಂಗಸ್ವಾಮಿ, ಇದೆ ಎನ್ನುವವಳು ನಾನು. ದಿನಕ್ಕೆ ಸಾವಿರ ಸಲ ಇದೆ ಇದೆ ಎಂದು, ಮನೆಗೆ ಬಂದ ಮೇಲೆ ಯಜಮಾನರು "ಸಾರಿಗೆ ಉಪ್ಪು ಹಾಕಿದ್ದೀಯಾ" ಎಂದರೂ ರುಚಿ ನೋಡದೆ "ಇದೆ" ಎನ್ನುತ್ತಿದ್ದೆ. ಇದರಲ್ಲಿ ಪುಸ್ತಕ ತೆಗೆಯುವ ಪದ್ಧತಿ ಇಲ್ಲ. ಒಂದೊಂದನ್ನೂ ತೆಗೆದು ನೋಡುತ್ತ ಕೂತರೆ ಬೇಸಿಗೆಯಲ್ಲ, ಮಳೆಗಾಲವೂ ಸಾಲದು. ಮೇಷ್ಟ್ರ ಬೀರುವಿಗೆ ಬೀಗ ತೆಗೆಯುವ ಕಷ್ಟವೂ ಇರಲಿಲ್ಲ, ಗಾಜಿನಿಂದಲೇ ನಂಬರು ಕಾಣುತ್ತಿತ್ತು. ಒಂಬತ್ತು ಸಲ ಇದೆ ಎಂದು ಮುಂದಿನ ಬೀರುವಿಗೆ ಹೋಗುತ್ತಿದ್ದೆ. ಹಾಗೆ ಹತ್ತು ಬೇಸಿಗೆ. ರಂಗಸ್ವಾಮಿ ಪ್ರತಿ ವರ್ಷ ಸ್ಟಾಕ್ ಮುಗಿದ ಮೇಲೆ ಕೇಳುತ್ತಿದ್ದ, ನಾನು ಪ್ರತಿ ವರ್ಷ ಯಾವುದೋ ಕೆಲಸದಲ್ಲಿರುತ್ತಿದ್ದೆ. ಜೆರಾಕ್ಸ್ ಮಾಡಿಸಿಡೋಣ ಎಂದು ಒಮ್ಮೆ ಸಾಹೇಬರಿಗೆ ಟಿಪ್ಪಣಿಯನ್ನೂ ಬರೆದಿದ್ದೆ. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ನೆನಪಿಸಲು ನಾನೇ ಮರೆತೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಮೇಷ್ಟ್ರು ಮತ್ತೆ ಬಂದರು. ಎಪ್ಪತ್ತು ದಾಟಿತ್ತು, ಕೈಯಲ್ಲಿ ಕೋಲು. ಎರಡು ಗಂಟೆ ಮೇಜಿನ ಹತ್ತಿರ ಕೂರಿಸಿ ನೀರು ಕೊಟ್ಟೆ.

"ಒಂದ್ ಮಾತು ಮರ್ತೋಗದೆ ಕಣಮ್ಮ" ಎಂದರು. "ನಮ್ಮವ್ವ ಆಡ್ತಿದ್ಲು. ಮೊಸರು ಕಡಿಯೋವಾಗ, ಬೆಣ್ಣೆ ಇನ್ನೇನ್ ಬತ್ತದೆ ಅನ್ನೋ ಹೊತ್ಗೆ ಸದ್ದು ಬದಲಾಯ್ತದಲ್ಲ, ಆ ಸದ್ದಿಗೆ. ಒಂದ್ ತಿಂಗ್ಳಿಂದ ನೆನೀತಾ ಇವ್ನಿ, ನಾಲಗೆ ತುದಿಗೆ ಬತ್ತದೆ, ಓಯ್ತದೆ. ರಾತ್ರಿ ನಿದ್ದೆ ಬರಾಕಿಲ್ಲ. ಏಳನೇ ಬುಕ್ಕಲ್ಲಿ ಐತೆ. ನೋಡ್ಕಂಡು ಓಗ್ಬುಡ್ತೀನಿ."

ಒಂದು ಮಾತಿಗಾಗಿ ಎರಡು ಬಸ್ಸು ಹತ್ತಿ ಬಂದಿದ್ದರು. ನನಗೆ ಹೆಮ್ಮೆಯೇ ಆಯಿತು. ಬೀಗದ ಕೈ ತೆಗೆದುಕೊಂಡು ರಂಗಸ್ವಾಮಿಯನ್ನೂ ಕರೆದೆ. "ಬಾರಪ್ಪ, ನಿನ್ನ ಮಾತೂ ಇವತ್ತೇ ನೋಡಿಬಿಡೋಣ" ಎಂದೆ. ಇಬ್ಬರೂ ಖುಷಿಯಾಗಿ ನೆಲಮಾಳಿಗೆಗೆ ಇಳಿದೆವು.

ಬೀಗ ತುಕ್ಕು ಹಿಡಿದಿತ್ತು, ರಂಗಸ್ವಾಮಿ ಕುಟ್ಟಿ ತೆಗೆದ. ನಾನು ಏಳನೆಯದರ ಬೆನ್ನಿಗೆ ಬೆರಳು ಹಾಕಿ ಎಳೆದೆ. ದಪ್ಪ ಪುಸ್ತಕ, ಭಾರವಿರುತ್ತದೆಂದು ಕೈಗೆ ಬಲ ಕೊಟ್ಟಿದ್ದೆ. ಭಾರವೇ ಇರಲಿಲ್ಲ. ಬೆನ್ನು ಮಾತ್ರ ಕೈಗೆ ಬಂತು. ಅದರ ಹಿಂದಿನಿಂದ ಮಣ್ಣು ಸುರಿಯಿತು. ಕಾಲಿನ ಮೇಲೆ, ಸೀರೆಯ ನೆರಿಗೆಯ ಮೇಲೆ, ಸಣ್ಣ ಸಣ್ಣ ಗೋಡು ಮಣ್ಣು. ಒಳಗೆ ಪುಸ್ತಕವಿದ್ದ ಜಾಗದಲ್ಲಿ ಗೆದ್ದಲಿನ ಗೂಡು.

ಎಂಟನೆಯದನ್ನು ಎಳೆದೆ. ಮೊದಲನೆಯದನ್ನು ಎಳೆದೆ. ಒಂಬತ್ತೂ ಹಾಗೆಯೇ.

ಗೋಡೆಯ ಆಚೆಗೆ, ನಕ್ಷತ್ರದ ಕಟ್ಟೆಯ ಸಂದಿಯಲ್ಲಿ ತುಂಬಿದ ಗೋಡಿನಲ್ಲಿ, ಆ ಹಲಗೆ ಚೂರುಗಳನ್ನು ತಿಂದುಕೊಂಡು ಗೆದ್ದಲುಗಳು ವರ್ಷಗಟ್ಟಲೆ ಬೆಳೆದಿದ್ದವು. ಹಲಗೆ ಮುಗಿದ ಮೇಲೆ ಕಲ್ಲಿನ ಸಂದು ಹಿಡಿದು ಒಳಗೆ ಬಂದು, ಬೀರುವಿನ ಹಿಂದಿನ ಹಲಗೆ ಕೊರೆದು, ಹಿಂದಿನಿಂದ ಮುಂದಕ್ಕೆ ಓದುತ್ತ ಬಂದಿದ್ದವು. ಬೆನ್ನನ್ನು ಬಿಟ್ಟಿದ್ದೇಕೆಂದರೆ, ಚನ್ನರಾಯಪಟ್ಟಣದ ಆ ಬೈಂಡರ್ ತನ್ನ ಗೋಂದಿಗೆ ಮೈಲುತುತ್ತ ಹಾಕಿದ್ದ. ಹಳೆಯ ಕಾಲದ ಬೈಂಡರುಗಳೆಲ್ಲ ಹುಳು ಬಾರದಿರಲೆಂದು ಹಾಗೆ ಹಾಕುತ್ತಿದ್ದರು. ಗೋಂದು ಹತ್ತಿದ್ದಷ್ಟು ಉಳಿದಿತ್ತು. ಅವನು ತನ್ನ ಕೆಲಸ ಸರಿಯಾಗಿ ಮಾಡಿದ್ದ.

ಯಾವ ಬೇಸಿಗೆಯಲ್ಲಿ ನಾನು ಇದೆ ಎಂದಾಗ ಅದು ನಿಜವಾಗಿ ಇತ್ತು, ಯಾವ ಬೇಸಿಗೆಯಿಂದ ಇರಲಿಲ್ಲ, ಇದು ನನಗೆ ಎಂದೂ ತಿಳಿಯುವುದಿಲ್ಲ.

ರಂಗಸ್ವಾಮಿ ಕೆಳಗೆ ಕೂತು ಆ ಮಣ್ಣನ್ನು ಕೈಯಲ್ಲಿ ತೆಗೆದುಕೊಂಡು ನೋಡಿ, "ನಾವೇ ಒತ್ತಾಕಿದ್ ಗೋಡು ಕಣ್ ಮೇಡಂ" ಎಂದ.

ನಾನು ಮೇಲೆ ಬಂದೆ. ಬಿಸಿಲು ಎರಡು ಗಂಟೆ ಮೇಜಿಗೆ ಬಂದಿತ್ತು. ಮೇಷ್ಟ್ರು ನಮ್ಮಲ್ಲಿನ ರೂಢಿ ತಿಳಿದವರಂತೆ ತಾವೇ ಕುರ್ಚಿ ಎಳೆದುಕೊಂಡು ಮೂರು ಗಂಟೆ ಮೇಜಿಗೆ ಸರಿದು ಕೂತಿದ್ದರು. ಕನ್ನಡಕ ಒರೆಸಿ ಸಿದ್ಧ ಮಾಡಿಕೊಂಡಿದ್ದರು.

"ಬೈಂಡಿಂಗಿಗೆ ಕಳ್ಸಿದೀವಿ ಮೇಷ್ಟ್ರೇ" ಎಂದೆ. "ಏಳನೇದು ಸ್ವಲ್ಪ ಸಡಿಲ ಆಗಿತ್ತು."

ಗ್ರಂಥಾಲಯದವರು ಇಲ್ಲದ ಪುಸ್ತಕಕ್ಕೆ ಹೇಳುವ ಸುಳ್ಳು ಇದೇ. ವಿದ್ಯಾರ್ಥಿಗಳಾಗಿದ್ದರೆ ನಂಬುತ್ತಿರಲಿಲ್ಲ. ಮೇಷ್ಟ್ರು ನಂಬಿದರು. ಅವರ ಮುಖ ನೋಡಲಾರದೆ ನಾನು ಕನ್ನಡಕದ ಡಬ್ಬಿ ನೋಡುತ್ತಿದ್ದೆ.

"ಎಷ್ಟು ಮುತುವರ್ಜಿ ತಗೋತೀರಮ್ಮ" ಎಂದರು. "ಇರ್ಲಿ ಬುಡು. ಇನ್ನೊಂದ್ಸಲ ಬತ್ತೀನಿ."

ಸಾಹೇಬರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಕೆಟ್ಟವರಲ್ಲ, ರಿಟೈರಾಗಲು ಒಂದು ವರ್ಷವಿತ್ತು. ದಾನದ ಪುಸ್ತಕ, ರಿಜಿಸ್ಟರಿನಿಂದ ತೆಗೆಯಬೇಕೆಂದರೆ ಕಮಿಟಿ ಕೂರಬೇಕು, ಯಾರ ಹೊಣೆ ಎಂದು ಕೇಳುತ್ತಾರೆ, ನಿನ್ನ ಹೆಸರೂ ಬರುತ್ತದೆ ಎಂದರು. "ಮುಂದಿನ ಸ್ಟಾಕ್ ಒಂದು ಮುಗೀಲಿ ಕಣಮ್ಮ. ಅಲ್ಲೀತನಕ ಇದ್ದ ಹಾಗೇ ಇರ್ಲಿ."

ಇದ್ದ ಹಾಗೆ ಇರಿಸುವುದೆಂದರೆ ಹೇಗೆ? ನಾನು ಮತ್ತು ರಂಗಸ್ವಾಮಿ ಮಣ್ಣು ಬಳಿದು ಹೊರಗೆ ಹಾಕಿದೆವು. ಬೀರುವನ್ನು ಗೋಡೆಯಿಂದ ದೂರಕ್ಕೆ ಎಳೆದು ಸೀಮೆಎಣ್ಣೆ ಹೊಡೆದೆವು. ಹಳೆಯ ಪ್ರಶ್ನೆಪತ್ರಿಕೆಗಳ ಒಂಬತ್ತು ಕಟ್ಟು ಮಾಡಿ, ಒಂದೊಂದಕ್ಕೂ ಒಂದೊಂದು ಕೆಂಪು ಬೆನ್ನನ್ನು ಅಂಚಿಗಷ್ಟೇ ಗೋಂದು ಹಚ್ಚಿ ಅಂಟಿಸಿ, ಸಾಲಾಗಿ ನಿಲ್ಲಿಸಿ ಬೀಗ ಹಾಕಿದೆವು. ಸಾಹೇಬರು ಹೇಳಿದ್ದಕ್ಕೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೇನಿಲ್ಲ, ನನಗೆ ಹೆದರಿಕೆಯಾಗಿತ್ತು. ನಾಚಿಕೆ ಹೆದರಿಕೆಗಿಂತ ಹೆಚ್ಚಾಗಿತ್ತು.

ಅಂಟಿಸುವ ಮೊದಲು ರಂಗಸ್ವಾಮಿ ಒಂದೊಂದು ಬೆನ್ನನ್ನೂ ತಿರುವಿ ನೋಡಿದ. ಗೋಂದು ಹತ್ತಿದ ಕಡೆ ಹಾಳೆಯ ಅಂಚು ಬೆರಳಗಲ ಉಳಿದಿತ್ತು. ಅದರಲ್ಲಿ ಅಲ್ಲಲ್ಲಿ ಒಂದು ಅಕ್ಷರ, ಅರ್ಧ ಸಾಲು, ಒಂದು ಊರಿನ ಹೆಸರು. ಒಂಬತ್ತನ್ನೂ ಬೆಳಕಿಗೆ ಹಿಡಿದು ಓದಿದ. ಅವನ ಹೆಸರು ಯಾವುದರಲ್ಲೂ ಇರಲಿಲ್ಲ. "ಓಗ್ಲಿ ಬುಡಿ" ಎಂದು ಗೋಂದಿನ ಡಬ್ಬಿ ತೆಗೆದುಕೊಂಡ. ಹತ್ತು ವರ್ಷ ಕೇಳಿದ್ದ, ಒಂದು ಸಲ ಬೀಗ ತೆಗೆದಿದ್ದರೆ ಸಾಕಿತ್ತು. ಅವನು ಅದನ್ನು ಒಂದು ದಿನವೂ ಆಡಿ ತೋರಿಸಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮೂರು ನಾಲ್ಕು ತಿಂಗಳ ಮೇಲೆ ಮೇಷ್ಟ್ರು ಮತ್ತೆ ಬಂದರು. ಈ ಸಲ ಜೊತೆಗೆ ಮಗಳಿದ್ದಳು. ಆಸ್ಪತ್ರೆಗೆ ಬಂದಿದ್ದರಂತೆ, ಹಾಗೇ ನೋಡಿ ಹೋಗೋಣವೆಂದು ಹಟ ಮಾಡಿ ಬಂದಿದ್ದರು. ಏಳನೆಯ ಪುಸ್ತಕ ಕೇಳುತ್ತಾರೆ, ಇವತ್ತು ಹೇಳಿಬಿಡುತ್ತೇನೆ, ಕಾಲಿಗೆ ಬಿದ್ದು ಹೇಳಿಬಿಡುತ್ತೇನೆ ಎಂದು ನಾನು ಎದ್ದು ನಿಂತೆ. ಅವರು ಕೇಳಲಿಲ್ಲ. ಬೀರು ಒಂದು ಸಲ ತೋರಿಸಮ್ಮ, ಸಾಕು ಎಂದರು.

ಮೆಟ್ಟಿಲಿಳಿಯಲು ರಂಗಸ್ವಾಮಿ ಕೈ ಹಿಡಿದ. ಗಾಜಿನ ಮುಂದೆ ನಿಂತು, ಕೋಲನ್ನು ಮಗಳ ಕೈಗೆ ಕೊಟ್ಟು, ಬೆರಳು ಮಡಿಸುತ್ತ ಎಣಿಸಿದರು. ಒಂಬತ್ತಕ್ಕೆ ಬಂದು ನಿಲ್ಲಿಸಿದರು. ಏಳನೆಯದೂ ಇತ್ತು.

"ಬೈಂಡಿಂಗ್ ಆಗಿ ಬಂದದೆ" ಎಂದರು. ಕೈ ಮುಗಿದರು. ಪುಸ್ತಕಕ್ಕೋ, ಕಟ್ಟಡಕ್ಕೋ, ನನಗೋ ತಿಳಿಯಲಿಲ್ಲ.

"ತೆಗೀಲಾ ಮೇಷ್ಟ್ರೇ?" ಎಂದೆ. ಅದು ಬಾಯಿಗೆ ಹೇಗೆ ಬಂತೋ. ತೆಗೆ ಎಂದು ಅವರು ಅಂದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅನ್ನದಿರಲಿ ಎಂದೂ ಬೇಡಿಕೊಳ್ಳುತ್ತಿದ್ದೆ.

"ಬ್ಯಾಡ ಬುಡಮ್ಮ. ಕಣ್ಣೂ ಕಾಣಾಕಿಲ್ಲ. ಆ ಮಾತ್ನ ನೆನ್ಕಳದ್ನೂ ಬುಟ್ಬುಟ್ಟೆ" ಎಂದರು. "ಮೊದ್ಲು ನಿದ್ದೆ ಬತ್ತಿರ್ಲಿಲ್ಲ. ಆಮೇಲ್ ಯೋಚ್ನೆ ಮಾಡ್ದೆ. ನಾನ್ ಯಾಕ್ ತಲೇಲಿ ಮಡಿಕಬೇಕು, ಇಲ್ಲಿ ಐತಲ್ಲ. ಬೇಕಾದೋರು ನೋಡ್ಕತ್ತಾರೆ. ಈಗ ಚೆನ್ನಾಗ್ ನಿದ್ದೆ ಬತ್ತದೆ."

ರಂಗಸ್ವಾಮಿ ಗೋಡೆಯ ಕಡೆ ತಿರುಗಿಕೊಂಡ. ನಾನು ಅವರನ್ನು ಬಸ್ ಸ್ಟ್ಯಾಂಡಿಗೆ ಹೋಗುವ ಆಟೋ ಹತ್ತಿಸಿ ಬಂದೆ. ಮಳೆಗಾಲ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರೆಂದು ಹೊಳೆನರಸೀಪುರದಿಂದ ಬಂದವರೊಬ್ಬರು ಹೇಳಿದರು.

ಆ ಮುಂದಿನ ಬೇಸಿಗೆಯ ಸ್ಟಾಕಿನಲ್ಲಿ ನೆಲಮಾಳಿಗೆಗೆ ಬಂದೆವು. ರಂಗಸ್ವಾಮಿ ನಂಬರು ಕೂಗಿದ. ಒಂದರಿಂದ ಆರರವರೆಗೆ ಹೇಗೋ ಹೇಳಿದೆ. ಏಳನೆಯದಕ್ಕೆ ಗಾಜಿನ ಮೇಲಿನ ಧೂಳು ಒರೆಸುತ್ತ ನಿಂತೆ. ಅವನು ರಿಜಿಸ್ಟರಿನಿಂದ ತಲೆ ಎತ್ತದೆ ಕಾದ. ಇನ್ನೊಂದು ಸಲ ಕೂಗಿದ. "ಇದೆ" ಎಂದೆ. ಟಿಕ್ ಹಾಕಿದ.

ಸಾಹೇಬರು ರಿಟೈರಾದರು. ಬಂದ ಹೊಸಬರಿಗೆ ಈ ಬೀರು ಯಾವುದು ಎಂದೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಹೊಸ ಕಟ್ಟಡವಾಯಿತು. ಅದರ ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ನಾನು ನೋಡಲಿಲ್ಲ. ಸಾಮಾನು ಸಾಗಿಸಿದ ದಿನ ಏಳನೆಯದರ ಬೆನ್ನನ್ನು ಕಟ್ಟಿನಿಂದ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ನಾನು ಗ್ರಂಥಾಲಯದಿಂದ ಕದ್ದದ್ದು ಅದೊಂದೇ.

ಮೊನ್ನೆ ನೆಲದ ಮೇಲೆ ಕೂತು ಅದನ್ನು ತಿರುವಿ ನೋಡಿದೆ. ಒಳಬದಿಯ ಗೋಂದಿನಲ್ಲಿ ಮೇಷ್ಟ್ರ ದುಂಡು ಅಕ್ಷರ ಇನ್ನೂ ಸ್ಪಷ್ಟವಾಗಿದೆ. ‘ಪುಟ್ಟಲಕ್ಷ್ಮಿ, ಮೂರನೇ ಕ್ಲಾಸು, ದಂಡಿಗನಹಳ್ಳಿ.’ ಅವಳು ತಂದ ಮಾತು ಇರಬೇಕಾದ ಕಡೆ ಹಾಳೆ ಇಲ್ಲ. ಅದು ಬೆಣ್ಣೆಯ ಸದ್ದಿನ ಮಾತೋ, ಬಿಸಿಲಿನದೋ, ಎತ್ತಿನದೋ, ಗೊತ್ತಾಗುವ ಹಾಗಿಲ್ಲ. ಮೇಷ್ಟ್ರ ಸರ್ವೀಸಿನ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನನ್ನ ವಾರಿಗೆಯವಳಿರಬಹುದು. ಮದುವೆಯಾಗಿ ಎಲ್ಲಿಗೆ ಹೋದಳೋ, ಅಲ್ಲೇ ಪಕ್ಕದ ಹಳ್ಳಿಯಲ್ಲಿದ್ದಾಳೋ. ಹುಡುಕಿದರೆ ಸಿಗದವಳೇನಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಬಸ್ಸಿಗೇನು ಬರವಿಲ್ಲ. ಹೋಗಿ, ಅವತ್ತು ನೀನು ಮೇಷ್ಟ್ರಿಗೆ ಕೊಟ್ಟ ಮಾತು ಯಾವುದಮ್ಮ ಎಂದು ಕೇಳಬಹುದು. ಒಂದಾದರೂ ಉಳಿದೀತು.

ಹೋಗಿಲ್ಲ, ಹೋಗುವುದೂ ಇಲ್ಲ. ಅವಳಿಗೂ ಮರೆತಿರುತ್ತದೆ. ಮರೆತವಳು ಮೊದಲು ಕೇಳುವುದು, ಮೇಷ್ಟ್ರು ಬರಕೊಂಡಿದ್ರಲ್ಲ, ಆ ಪುಸ್ತಕ ಐತಾ ಎಂದು. ಅದಕ್ಕೆ ನನ್ನ ಬಾಯಿಗೆ ರೂಢಿಯಾಗಿರುವ ಉತ್ತರ ಒಂದೇ.